ಡೌಟ್ ಬಂದ ಪೀಸು

ಸುಮಾಗೆ ಇಂಗ್ಲಿಷ್ ಬರುವುದಿಲ್ಲ ಎಂದು ಊರಿಗೆಲ್ಲ ಸಾರಿದವರು ಯಾರು? ಸ್ವತಃ ಸುಮಾನೇ. ತುಮಕೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಬೆಳಗಿಂದ ಸಂಜೆವರೆಗೆ ಕಾಲರ್, ಕಫ್, ಯೋಕ್, ಆಲ್ಟರ್, ರಿಜೆಕ್ಟ್ ಎಂದು ಒದರುತ್ತಿದ್ದವಳು ಮನೆಗೆ ಬಂದು, "ನಂಗೆಲ್ಲಿ ಇಂಗ್ಲಿಷ್ ಬರ್ಬೇಕು ಬಿಡಿ" ಎಂದು ಕೈ ಕೊಡವಿಬಿಡುತ್ತಿದ್ದಳು. ಮತ್ತೆ ಅದೇನು ತಾಯಿ, ಪರ್ಷಿಯನ್ನೇ?

ಅವಳದು ಚೆಕಿಂಗ್ ಕೆಲಸ. ಹೊಲಿದು ಬಂದ ಶರ್ಟು ನೋಡಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ತಪ್ಪೋ ಸರಿಯೋ ಗೊತ್ತಾಗದಿದ್ದರೆ ಪಾಸ್ ಮಾಡುವ ಹಾಗಿಲ್ಲ, ಪಕ್ಕಕ್ಕಿಟ್ಟು ಕೇಳಬೇಕು.

ಈಗ ಅವಳ ಹೊಲಿಗೆ ಲೈನಿನ ಸೂಪರ್‌ವೈಸರ್ ಜಾಗ ಖಾಲಿಯಾಗಿತ್ತು. ಸೋಮವಾರ ಶರ್ಟು ಕೊಳ್ಳುವ ಬಯರ್ ಕಡೆಯಿಂದ ಒಬ್ಬ ಮೇಡಂ ಬರುವವರಿದ್ದರು, ಅವರಿಗೆ ಕನ್ನಡ ಬಾರದು. ಅವರ ಜೊತೆ ಇಂಗ್ಲಿಷಿನಲ್ಲಿ ಚೆನ್ನಾಗಿ ನಿಭಾಯಿಸಿದವರಿಗೇ ಆ ಜಾಗ ಎಂದು ಮ್ಯಾನೇಜರ್ ವಿಜಯ್ ಕುಮಾರ್ ಹೇಳಿಬಿಟ್ಟಿದ್ದರು. ಕಣದಲ್ಲಿದ್ದವರು ಇಬ್ಬರೇ, ಸುಮಾ ಮತ್ತು ಕಟಿಂಗ್ ಸೆಕ್ಷನ್ನಿನ ಅಶ್ವತ್ಥ್. ಸುಮಾಗೆ ಸೂಪರ್‌ವೈಸರ್‌ನ ನೀಲಿ ಏಪ್ರನ್ ಬೇಕಿತ್ತು, ಬೇಕೇ ಬೇಕಿತ್ತು. ಹಳೆಯ ಸೂಪರ್‌ವೈಸರ್ ಕೂಗಾಟಕ್ಕೆ ಹೆದರಿ ಹೆಣ್ಣುಮಕ್ಕಳು ಬಾತ್‌ರೂಮಿಗೂ ಏಳದೆ ಕೂತಿರುತ್ತಿದ್ದದ್ದನ್ನು ನೋಡಿ ಅವಳ ಹೊಟ್ಟೆ ಉರಿದಿತ್ತು. ತಾನು ಬಂದರೆ ಈ ಲೈನಿನಲ್ಲಿ ಯಾರೂ ಯಾರ ಮೇಲೂ ಕೂಗಬಾರದು ಎಂಬುದು ಅವಳ ಹಠ.

ಭಾನುವಾರ ಮಾಕಳಿಯ ಮನೆಯ ಜಗಲಿಯಲ್ಲಿ ಮಗಳು ಬಿಂದುಶ್ರೀ ಮೊಬೈಲಿನಲ್ಲಿ ಡಿಕ್ಷನರಿ ತೆಗೆದಳು.

"ನಿಂಗೆ ಗೊತ್ತಿರೋ ಒಂದ್ ವರ್ಡ್ ಹೇಳಮ್ಮ."

"ಯೋಕ್. ಶರ್ಟಲ್ಲಿ ಭುಜದ ಮೇಲೆ ಬರೋ ತುಂಡು."

"ಅಮ್ಮಾ! ಯೋಕ್ ಅಂದ್ರೆ ನೊಗಾನೂ ಹೌದಂತೆ!"

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುನಿಕೃಷ್ಣಮ್ಮ ತಲೆ ಎತ್ತಿದರು. ಎತ್ತು ಕಟ್ಟಿ ಗೇದವರು. "ಸರ್ಯಾಗೇ ಐತಲ್ಲ. ಎರಡೂ ಎಗಲ್ ಮ್ಯಾಲೇ ತಾನೆ ಕುಂತ್ಕಳಾದು?"

ಸುಮಾ ಬೆಪ್ಪಾಗಿ ಅತ್ತೆಯ ಮುಖ ನೋಡಿದಳು. ಅಯ್ಯೋ ಶಿವನೇ, ಇಷ್ಟು ವರ್ಷ ದಿನಾ ನೊಗ ಮುಟ್ಟಿ ಮುಟ್ಟಿ ಇಡುತ್ತಿದ್ದೆನಲ್ಲ! ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಕಫ್ ಅಂದರೆ ತೋಳಿನ ತುದಿಯ ಪಟ್ಟಿ ಮಾತ್ರವಲ್ಲ, ಪೊಲೀಸರು ಕೈಗೆ ಹಾಕುವ ಕೋಳವೂ ಹೌದಂತೆ. ಶೇಡ್ ಅಂದರೆ ಬಣ್ಣದ ಏರಿಳಿತ, ಮರದ ನೆರಳೂ ಅದೇ. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವುದಕ್ಕೂ ಫೀಡ್, ಮಗುವಿಗೆ ಉಣಿಸುವುದಕ್ಕೂ ಫೀಡ್.

"ಅಂದ್ರೆ ಮಿಷನ್ನು ಸೂಜಿಗೆ ಬಟ್ಟೆ ತಿನ್ನಿಸ್ತಾ ಇದೆ!" ಎಂದು ಸುಮಾ ಕೈ ತಟ್ಟಿ ನಕ್ಕಳು. "ಇನ್ನೊಂದ್ ನೋಡೇ, ಇನ್ನೊಂದೇ ಒಂದು."

"ಇಂಗೇ ಕುಂತ್ರೆ ಮುದ್ದೆ ಯಾರ್ ತೊಳಸ್ತಾರೆ?" ಎಂದು ಅತ್ತೆ ಗದರಿದರು. ಆಮೇಲೆ ತಾವೇ ಎದ್ದು ಒಳಗೆ ಹೋದರು.

ಸೋಮವಾರ ಅಶ್ವತ್ಥನದೇ ಮುಂದಾಳತ್ವ. ಮೇಡಂ ಏನಂದರೂ "ಯೆಸ್ ಮೇಡಂ, ಶ್ಯೂರ್ ಮೇಡಂ" ಎಂದು ಅರಳು ಹುರಿದಂತೆ ಮಾತು. ಸುಮಾ ಹಿಂದೆ ಹಿಂದೆ ನಡೆದಳು. ಚೆಕಿಂಗ್ ಟೇಬಲ್ಲಿನಲ್ಲಿ ಮೇಡಂ ಆಗಷ್ಟೇ ಬಂದ ಕಟ್ಟಿನಿಂದ ಒಂದು ಶರ್ಟು ಎತ್ತಿ ನೋಡಿ, ಮೆಲ್ಲಗೆ ಏನೋ ಹೇಳಿದರು. ಸುಮಾಗೆ ಬಟನ್ ಗೊತ್ತಾಯಿತು, ಟ್ವಿಸ್ಟ್ ಗೊತ್ತಾಯಿತು. ನಡುವೆ 'ಸಟಲ್' ಎಂಬುದೊಂದು ನುಸುಳಿತ್ತು, ಅದು ಮಾತ್ರ ಗೊತ್ತಾಗಲಿಲ್ಲ.

ಅಶ್ವತ್ಥ್ ನಗುನಗುತ್ತಾ, "ಥ್ಯಾಂಕ್ಯೂ ಮೇಡಂ" ಎಂದ. ವಿಜಯ್ ಕುಮಾರರೂ ತಲೆಯಾಡಿಸಿದರು. ಮೇಡಂ ಅನುಮಾನದಿಂದ ಇಬ್ಬರನ್ನೂ ನೋಡಿ, ಶರ್ಟು ಇಟ್ಟು ಮುಂದೆ ಹೊರಟರು.

"ಸ್ಟಾಪ್, ಮೇಡಂ."

ಮ್ಯಾನೇಜರ್ ಕೆಕ್ಕರಿಸಿ ನೋಡಿದರು. ಹೋಯ್ತು, ಏಪ್ರನ್ ಕೈತಪ್ಪಿತು ಎಂದುಕೊಂಡಳು ಸುಮಾ. ಆದರೂ ಗೊತ್ತಾಗದ್ದನ್ನು ಪಾಸ್ ಮಾಡಿ ಅಭ್ಯಾಸವೇ ಇಲ್ಲವಲ್ಲ, ಏನು ಮಾಡುತ್ತಾಳೆ?

"ಒನ್ ವರ್ಡ್ ಡೌಟ್. ಸಟಲ್. ಡೌಟ್ ಮೀನ್ಸ್ ನೋ ಪಾಸ್."

ಮೇಡಂ ಹಿಂದಿರುಗಿ ಬಂದರು. ಬಟನ್ ಪಟ್ಟಿಯನ್ನು ಬೆಳಕಿಗೆ ಹಿಡಿದು, ಬೆರಳು ಬೆರಳಿಗೆ ತಾಗಿಸಿ, ಸಣ್ಣದು, ಕಣ್ಣಿಗೆ ಬೇಗ ಬೀಳದ್ದು ಎಂದು ಬಿಡಿಸಿ ಹೇಳಿದರು. ಸುಮಾ ಬಗ್ಗಿದಳು. ಹೌದು, ಪಟ್ಟಿ ಕೂದಲೆಳೆಯಷ್ಟು ತಿರುಚಿತ್ತು. ಕೆಳಗಿನ ಶರ್ಟು ಎಳೆದಳು, ಅದರಲ್ಲೂ ಹಾಗೇ. ಇಡೀ ಕಟ್ಟೇ ಹಾಗಿತ್ತು. ಪಟಪಟ ಬಾಣ ಅಂಟಿಸಿ, ಆ ಪಟ್ಟಿ ಹೊಲಿಯುವ ಮಿಷನ್ ನಿಲ್ಲಿಸಿ ಬಂದು ಕೇಳಿದಳು, "ಸಟಲ್, ಎನಿ ಅದರ್ ಮೀನಿಂಗ್, ಮೇಡಂ?"

ಮೇಡಂ ಜೋರಾಗಿ ನಕ್ಕು, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಮೇಡಂ ಹೇಳಿದ ಮೇಲೆ ಮಧ್ಯಾಹ್ನ ನೀಲಿ ಏಪ್ರನ್ ಸುಮಾ ಕೈಗೆ ಬಂತು. ಕಟ್ಟಿಕೊಳ್ಳುತ್ತಿದ್ದಾಗ ಅಶ್ವತ್ಥ್ ಬಂದು ನಿಂತ. ಮುಖ ಬಾಡಿತ್ತು.

"ಅಕ್ಕಾ, ಕೂಗ್ಬೇಡಿ. ಬೆಳಿಗ್ಗೆ ಕಟಿಂಗ್‌ನಲ್ಲೂ ಮೇಡಂ ಏನೋ ಅಂದ್ರು. ಅರ್ಥ ಆಗ್ಲಿಲ್ಲ. ಯೆಸ್ ಅಂದ್ಬಿಟ್ಟೆ."

ಸುಮಾಗೆ ಬೈಗುಳ ನಾಲಿಗೆ ತುದಿವರೆಗೂ ಬಂದಿತ್ತು. ನುಂಗಿಕೊಂಡಳು. ಸ್ಟಿಕ್ಕರ್ ಸುರುಳಿಯಿಂದ ಒಂದು ಕೆಂಪು ಬಾಣ ಕಿತ್ತು ಅವನ ಜೇಬಿನ ಮೇಲೆ ಅಂಟಿಸಿದಳು.

"ನಡಿಯಪ್ಪ, ಅವ್ರಿನ್ನೂ ಆಫೀಸಲ್ಲೇ ಇದಾರೆ. ಇಬ್ರೂ ಹೋಗಿ ಕೇಳೋಣ."