ಮೂರು ಸಾವಿರದ ಎಂಟುನೂರ ಐವತ್ತು ಅಡಿ

ಜಾವಳಿ ಸಮೀಪದ ಕಾಫಿ ಬೆಳೆಗಾರ ಶಶಿಧರ್ ವಿಮಾನ ಹಾರಿಸಲು ಕಲಿತದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಬೇರೆಯವರು ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಮರ್ಯಾದೆಯಿಂದ ಮನೆಯಲ್ಲಿ ಕೂರುತ್ತಾರೆ. ಇವನು ಎರಡೇ ಸೀಟಿನ ಪುಟ್ಟ ವಿಮಾನ ಕೊಂಡು, ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ತಂದು, ತೋಟದ ಮೇಲಿನ ಹುಲ್ಲುಬಯಲನ್ನು ಸಪಾಟು ಮಾಡಿಸಿ ರನ್‌ವೇ ಅಂದ. ಅಲ್ಲಿ ವಿಮಾನಕ್ಕಿಂತ ದನಗಳೇ ಹೆಚ್ಚು ಇಳಿಯುತ್ತವೆ ಎಂದು ಬಂದವರಿಗೆಲ್ಲ ಅವನೇ ಹೇಳುತ್ತಿದ್ದ. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೊದಲೇ ನಾವು ನಕ್ಕುಬಿಟ್ಟರೆ ಊರಿನವರಿಗೆ ಕೆಲಸ ಉಳಿಯುವುದಿಲ್ಲ ಎಂಬುದು ಅವನ ಸಿದ್ಧಾಂತ.

ನಗದೆ ಬಿಟ್ಟದ್ದು ಒಂದೇ ವಿಷಯವನ್ನು, ತೋಟದ ಎತ್ತರವನ್ನು. ಆ ಕಡೆಯ ಪ್ಲಾಂಟರುಗಳು ಮಳೆಯನ್ನು ಇಂಚಿನಲ್ಲಿ, ತೋಟವನ್ನು ಅಡಿಯಲ್ಲಿ ಅಳೆಯುತ್ತಾರೆ. ಎರಡಕ್ಕೂ ಚೂರು ಸೇರಿಸಿಯೇ ಹೇಳುತ್ತಾರೆ. ಎತ್ತರ ಹೆಚ್ಚಿದಷ್ಟೂ ಕಾಫಿಗೆ ಹೆಸರು, ಬೆಳೆದವನಿಗೆ ಕ್ಲಬ್ಬಿನಲ್ಲಿ ಮುಂದಿನ ಕುರ್ಚಿ. ಶಶಿಧರನ ಅಜ್ಜ ದೇವರಾಜೇಗೌಡರು ಗೇಟಿನ ಬೋರ್ಡಿನ ಮೇಲೆ ‘ಸಮುದ್ರ ಮಟ್ಟದಿಂದ 3850 ಅಡಿ’ ಎಂದು ಬರೆಸಿದ್ದರು. ಎರಡು ವರ್ಷಕ್ಕೊಮ್ಮೆ ಬೋರ್ಡಿಗೆ ಹೊಸ ಬಣ್ಣ ಬೀಳುತ್ತಿತ್ತು. ಅಂಕಿ ಮಾತ್ರ ದೇವರ ಪಟದಷ್ಟೇ ಭದ್ರವಾಗಿತ್ತು.

ವಿಮಾನದ ಹುಚ್ಚಿಗೆ ಹೆಂಡತಿ ಸೌಂದರ್ಯ ಬೈಯಲಿಲ್ಲ. ಒಂದೇ ಒಂದು ಆಸೆ ಹೇಳಿದಳು. ಅವಳು ಹುಟ್ಟಿ ಬೆಳೆದದ್ದು ಕುದುರೆಮುಖದ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ತಂದೆ ಅಲ್ಲಿ ಸರ್ವೇಯರ್ ಆಗಿದ್ದರು. ಗಣಿ ನಿಂತ ಮೇಲೆ ಮನೆಗಳು ಖಾಲಿಯಾದವು, ಗೋಡೆಗಳಿಗೆ ಗಿಡ ಹಬ್ಬಿತು, ಅಪ್ಪನೂ ತೀರಿಹೋದರು. “ಈ ಮಳೆಗಾಲಕ್ಕೆ ಇನ್ನೆಷ್ಟು ಸೂರು ಬೀಳ್ತದೋ. ಅದರೊಳಗೆ ಒಂದ್ಸಲ ನಮ್ಮನೆ ಮೇಲಿಂದ ತೋರಿಸ್ರಿ” ಎಂದಳು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಶಶಿಧರ್ ಹ್ಞೂಂ ಅಂದುಬಿಟ್ಟ.

ಹ್ಞೂಂ ಅನ್ನುವುದಕ್ಕೇನು, ನಾಲಿಗೆಗೆ ಎಲುಬಿಲ್ಲ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಲು ಅವನಿಗೆ ಪಾಠ ಹೇಳಿದ ರಜನಿ ಮೇಡಂ ಸಹಿ ಹಾಕಬೇಕಿತ್ತು. ಆಕೆ ಬಯಲುಸೀಮೆಯ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಶಿಕ್ಷಕಿ. ಅಲ್ಲಿ ಒಬ್ಬನೇ ಹಾರಿದ ದಿನ ಶಶಿಧರ್ ಒಂದು ಕೆರೆಯನ್ನು ಇನ್ನೊಂದು ಕೆರೆ ಅಂದುಕೊಂಡು, ಆ ಇನ್ನೊಂದನ್ನು ಮತ್ತೊಂದು ಅಂದುಕೊಂಡು, ಮುಕ್ಕಾಲು ಗಂಟೆ ತಡವಾಗಿ ಇಳಿದಿದ್ದ.

“ನಮ್ಮ ಕಡೆ ದಾರಿ ತಪ್ಪಿದ್ರೆ ಯಾರದಾದ್ರೂ ಮನೆ ಸಿಕ್ತದೆ ಮೇಡಂ, ಕಾಫಿ ಕುಡಿದು ಕೇಳ್ಕೊಂಡು ಬರ್ತೀವಿ” ಎಂದು ಸಮಜಾಯಿಷಿ ಕೊಟ್ಟ.

“ಮೇಲೆ ಯಾರೂ ಕಾಫಿ ಕೊಡಲ್ಲ ಶಶಿಧರ್ ಅವ್ರೆ. ಕೈಯಲ್ಲಿ ಹಿಡ್ಕೊಂಡು ಹೋಗೋ ಜಿಪಿಎಸ್ ಒಂದು ತಗೊಳ್ಳಿ. ಅದನ್ನ ನೋಡಿ ಹಾರಿ ತೋರಿಸಿ, ಆಮೇಲೆ ಸಹಿ.” ಆಕೆ ತಮ್ಮಲ್ಲಿದ್ದ ಮೂರು ಥರದ್ದನ್ನು ಹದಿನೈದು ದಿನಕ್ಕೆ ಕೊಟ್ಟರು. “ಬಿಸಿಲಲ್ಲಿ ಓದೋಕಾಗ್ತದಾ, ಬ್ಯಾಟರಿ ಎಷ್ಟೊತ್ತು ಬರ್ತದೆ, ಕುಲುಕಾಟದಲ್ಲಿ ಬೆರಳು ಸರಿಯಾಗಿ ಬೀಳ್ತದಾ, ಗುಡ್ಡ ಎದುರಾದ್ರೆ ಎಚ್ಚರಿಸ್ತದಾ, ಇಷ್ಟು ನೋಡಿ. ಬೇರೇನೂ ನೋಡಬೇಡಿ.”

ಶಶಿಧರ್ ಬೇರೆಯದನ್ನೇ ನೋಡಿದ.

ಮರುದಿನ ತೋಟದ ಲೆಕ್ಕ ಬರೆಯುವ ರೈಟರ್ ಕಲ್ಲೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪಿನಲ್ಲೇ ಪರೀಕ್ಷೆ ಶುರುವಾಯಿತು. ಮೊದಲನೆಯದು ಟ್ಯಾಬ್ಲೆಟ್. ನಕ್ಷೆ ನೋಡಲು ಬಲು ಚಂದ, ಆದರೆ ಕಾಫಿ ಒಣಗಿಸುವ ಕಣದ ಬಿಸಿಲಿಗೆ ಹತ್ತು ನಿಮಿಷ ಇಟ್ಟದ್ದೇ ಕಾದು ಆಫ್ ಆಯಿತು. ಆಫ್ ಆಗುವ ಮೊದಲು ಕಣದ ಎತ್ತರ 3148 ಅಡಿ ಅಂದಿತ್ತು. “ಕಾದ ತಲೆಗೆ ಏನು ಗೊತ್ತಾಗ್ತದೆ” ಎಂದು ಶಶಿಧರ್ ಅದನ್ನು ಪಕ್ಕಕ್ಕಿಟ್ಟ. ಎರಡನೆಯದು ವಿಮಾನಗಳಿಗೆಂದೇ ಮಾಡಿದ ದೊಡ್ಡ ಟಚ್ ಸ್ಕ್ರೀನಿನದು. ಜೀಪು ಹಳ್ಳಕ್ಕೆ ಬಿದ್ದಾಗ ಅವನ ಹೆಬ್ಬೆರಳು ಎಲ್ಲೋ ಒತ್ತಿ, ಅದು ಮಂಗಳೂರಿಗೆ ದಾರಿ ತೋರಿಸತೊಡಗಿತು. ಮಂಗಳೂರಿನಿಂದ ವಾಪಸು ಕರೆತರುವಷ್ಟರಲ್ಲಿ ಊಟದ ಹೊತ್ತಾಯಿತು. ಅದೂ 3152 ಎಂದಿತು. ಮೂರನೆಯದು ಹಳೆಯ ಮೊಬೈಲಿನಂಥ ದಪ್ಪ ಗುಂಡಿಗಳ ಪುಟ್ಟ ಪೆಟ್ಟಿಗೆ. ಬಿಸಿಲಿಗೂ ಬಗ್ಗಲಿಲ್ಲ, ಹಳ್ಳಕ್ಕೂ ಬಗ್ಗಲಿಲ್ಲ. 3150.

“ಮೂರೂ ಹೆಚ್ಚುಕಮ್ಮಿ ಒಂದೇ ಹೇಳ್ತಾವಲ್ಲ ಗೌಡ್ರೆ” ಎಂದ ಕಲ್ಲೇಶ್.

“ಒಂದೇ ಕಂಪನಿದು ಇರಬೇಕು.”

“ಹೆಸರು ಬೇರೆ ಬೇರೆ ಇದಾವೆ.”

“ಹಾಗಾದ್ರೆ ಮೂರೂ ಸೇರಿ ಮಾತಾಡ್ಕೊಂಡಿದಾವೆ ಮಾರಾಯ.”

ಕಲ್ಲೇಶ್ ಗೇಟಿನ ಬೋರ್ಡಿನ ಕಡೆ ಒಮ್ಮೆ ನೋಡಿ, ಗೊಬ್ಬರದ ಲೋಡ್ ಬರುವುದಿದೆ ಎಂದು ಎದ್ದುಹೋದ. ಗೊಬ್ಬರ ಹಿಂದಿನ ದಿನವೇ ಬಂದಿತ್ತು.

ಮುಂದಿನ ಎರಡು ವಾರ ಶಶಿಧರ್ ಜಿಪಿಎಸ್ ಆರಿಸಲಿಲ್ಲ, ಅಜ್ಜನನ್ನು ಸಮರ್ಥಿಸಿದ. ಕಣ ತಗ್ಗಿನಲ್ಲಿದೆ ಎಂದು ರನ್‌ವೇಗೆ ಹೋದ. ರನ್‌ವೇಯಲ್ಲಿ ನಿಂತರೂ ಎಪ್ಪತ್ತು ಅಡಿಯಷ್ಟೇ ಏರಿತು. ಸಿಲ್ವರ್ ಮರ ಅಡ್ಡ ಬರುತ್ತದೆ, ಮೋಡ ಅಡ್ಡ ಬರುತ್ತದೆ, ಈ ಉಪಗ್ರಹಗಳಿಗೆ ಮಲೆನಾಡು ಅಂದರೆ ತಾತ್ಸಾರ ಅಂದ. ಕೊನೆಗೆ ಮೂರನೆಯ ಪೆಟ್ಟಿಗೆಯಂಥದ್ದನ್ನೇ ತರಿಸಿಕೊಂಡ. ಅದರ ಬ್ಯಾಟರಿ ಗಟ್ಟಿಯೆಂದು ಎಲ್ಲರಿಗೂ ಹೇಳಿದ. ನಿಜವಾದ ಕಾರಣ ಏನೆಂದರೆ, ಅದರಲ್ಲಿ ಎತ್ತರದ ಅಂಕಿಯನ್ನು ಪರದೆಯಿಂದ ತೆಗೆದುಹಾಕಲು ಬರುತ್ತಿತ್ತು. ಜಿಪಿಎಸ್ಸನ್ನು ಏನು ಹೇಳುತ್ತದೆಂದು ನೋಡಿ ಖರೀದಿಸುವವರುಂಟು, ಏನು ಹೇಳದೆ ಬಾಯಿಮುಚ್ಚಿಕೊಂಡಿರುತ್ತದೆಂದು ನೋಡಿ ಖರೀದಿಸಿದವನು ತಾನೊಬ್ಬನೇ ಇರಬೇಕು ಎಂದು ಅವನಿಗೇ ಅನ್ನಿಸಿತು.

ಬಯಲಿನಲ್ಲಿ ಆ ಪೆಟ್ಟಿಗೆ ಹಿಡಿದು ಒಂದು ಕೆರೆಯೂ ತಪ್ಪದಂತೆ ಹಾರಿ ತೋರಿಸಿದ. ರಜನಿ ಮೇಡಂ ಸಹಿ ಹಾಕಿದರು. ಅಲ್ಲಿಂದ ತೋಟಕ್ಕೆ ಹಾರಿಬಂದು ಇಳಿದಾಗ, ವಿಮಾನದಲ್ಲೇ ಇರುವ ಆಲ್ಟಿಮೀಟರ್ ಕೂಡ 3220 ತೋರಿಸುತ್ತಿತ್ತು. ಅದು ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಯಂತ್ರ. ಒತ್ತಡ ದಿನಕ್ಕೊಂದು ಥರ ಇರುವುದರಿಂದ, ಹೊರಡುವ ಮೊದಲು ನಿಂತ ನೆಲದ ಎತ್ತರ ಎಷ್ಟೋ ಅಷ್ಟಕ್ಕೆ ಅದರ ಮುಳ್ಳನ್ನು ಕೈಯಾರೆ ತಿರುಗಿಸಿ ಕೂರಿಸಬೇಕು. ಒತ್ತಡ ಬದಲಾಗಿದೆ ಎಂದುಕೊಂಡ ಶಶಿಧರ್, ಮರುದಿನ ಬೆಳಿಗ್ಗೆ ಹೆಂಡತಿಗೆ ಬೆಲ್ಟು ಬಿಗಿದು, ಮುಳ್ಳನ್ನು ಭಕ್ತಿಯಿಂದ 3850ಕ್ಕೆ ತಿರುಗಿಸಿದ.

ಏಪ್ರಿಲ್ ತಿಂಗಳು. ಹಿಂದಿನ ಸಂಜೆ ಕಾಫಿ ಹೂವರಳಿಸುವ ಹೂಮಳೆಯಂಥ ಒಂದು ಮಳೆ ಬಂದು ಕಣಿವೆಗಳಲ್ಲಿ ಮಂಜು ತುಂಬಿತ್ತು. ಸೌಂದರ್ಯ ಮೊದಲ ಹತ್ತು ನಿಮಿಷ ಸೀಟು ಹಿಡಿದುಕೊಂಡಿದ್ದಳು, ಆಮೇಲೆ ಕೈಬಿಟ್ಟು ಕೆಳಗೆ ನೋಡತೊಡಗಿದಳು. ಕಳಸದ ಕಡೆಗೆ ಅರಿಶಿನಗುಡ್ಡದ ಸಾಲು ಅಡ್ಡ ಬಂತು. ನಕ್ಷೆಯಲ್ಲಿ ಅದರ ಎತ್ತರ 4300 ಅಡಿ. ಆಲ್ಟಿಮೀಟರ್ 4800 ತೋರಿಸುತ್ತಿತ್ತು. ಐನೂರು ಅಡಿ ಮೇಲಿದ್ದೇವೆ, ಎದುರಿಗಿರುವುದು ತೆಳ್ಳನೆ ಮಂಜು, ಎರಡು ನಿಮಿಷದಲ್ಲಿ ಆ ಕಡೆ ಬಿಸಿಲು ಎಂದು ಅವನು ಲೆಕ್ಕ ಹಾಕಿದ.

ಪೆಟ್ಟಿಗೆಯ ಪರದೆ ಕೆಂಪಗಾಯಿತು. ಅಂಕಿ ಮುಚ್ಚಬಹುದಿತ್ತು, ಎಚ್ಚರಿಕೆ ಮುಚ್ಚಲು ಬರುತ್ತಿರಲಿಲ್ಲ.

“ಇದೇನ್ರಿ ಕೆಂಪು?” ಸೌಂದರ್ಯಳ ದನಿ ಹೆಡ್‌ಫೋನಿನಲ್ಲಿ ಬಂತು.

“ಎದುರಿಗೆ ಗುಡ್ಡ ನಮಗಿಂತ ಮೇಲಿದೆ ಅಂತದೆ. ಅದಕ್ಕೆ ಮೊದಲಿಂದ ನಮ್ಮ ತೋಟದ ಎತ್ತರದ ಮೇಲೆ ಸಿಟ್ಟು. ಏಳುನೂರು ಅಡಿ ಕಮ್ಮಿ ಹೇಳ್ತದೆ.”

ಅವಳು ಮುಳ್ಳು ನೋಡಿದಳು, ಮಂಜು ನೋಡಿದಳು. “ನೀವು ಬೋರ್ಡು ನೋಡಿ ಇದನ್ನ ಇಟ್ರಾ?”

“ಮತ್ತೆ?”

“ತಿರುಗಿಸಿ. ಅದು ಸುಳ್ಳು.”

ಅವನಿಗೆ ಅರ್ಥವಾಗಲಿಲ್ಲ. “ಯಾವುದು?”

“ಬೋರ್ಡು. ಮದುವೆ ವರ್ಷ ನಮ್ಮಪ್ಪ ನಿಮ್ಮ ಕಣದಲ್ಲಿ ನಿಂತು ಅಳೆದಿದ್ರು. ಮೂರು ಸಾವಿರದ ನೂರ ಐವತ್ತು. ಪಕ್ಕದ ತೋಟದವರು ಮೂರು ಸಾವಿರದ ಎಂಟುನೂರು ಅಂತ ಬರೆಸಿದ್ರಂತೆ, ಅದಕ್ಕೆ ನಿಮ್ಮಜ್ಜ ಮೇಲೊಂದು ಐವತ್ತು ಸೇರಿಸಿದ್ದು. ಗಂಡನ ಮನೇಲಿ ಇದನ್ನ ಹೇಳಬೇಡ ಮಗಳೆ ಅಂದ್ರು. ತಿರುಗಿಸ್ರಿ ಮೊದಲು.”

ಶಶಿಧರ್ ಲೆಕ್ಕ ತಿದ್ದಿದ: ರನ್‌ವೇ ಇರುವುದು 3220, ತಾನು ಇಟ್ಟದ್ದು 3850. ಐನೂರು ಅಡಿ ಮೇಲಿಲ್ಲ, ಗುಡ್ಡದ ನೆತ್ತಿಗಿಂತ ನೂರ ಮೂವತ್ತು ಅಡಿ ಕೆಳಗಿದ್ದಾರೆ. ತೆಳ್ಳನೆ ಮಂಜಿನ ಹಿಂದೆ ಬಂಡೆಯಿದೆ. ಅವನು ವಿಮಾನವನ್ನು ಬಲಕ್ಕೆ ಹೊರಳಿಸಿದ. ರೆಕ್ಕೆಯ ತುದಿ ಮಂಜನ್ನು ಮುಟ್ಟಿ ಹೊರಬಂತು, ಒಂದು ಕ್ಷಣ ಹುಲ್ಲು ಬೆಳೆದ ಕಪ್ಪು ಬಂಡೆ ಕಣ್ಣೆದುರೇ ಹಾದುಹೋಯಿತು. ಬಂದ ದಾರಿಯ ಬಿಸಿಲಿಗೆ ಮರಳಿದ ಮೇಲೆ ಅವನು ಪೆಟ್ಟಿಗೆಯ ಅಂಕಿಯನ್ನು ಪರದೆಗೆ ತಂದ, ಅದಕ್ಕೆ ಸರಿಯಾಗಿ ಮುಳ್ಳನ್ನು ತಿರುಗಿಸಿದ. ಮೂರು ತಲೆಮಾರಿನ ಮನೆತನ ಒಂದೇ ಗುಂಡಿಯಲ್ಲಿ ಆರುನೂರ ಮೂವತ್ತು ಅಡಿ ಇಳಿಯಿತು. ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೆಂಡತಿಯನ್ನು ಬಂಡೆಗೆ ಬಡಿಯಲಿದ್ದೆನಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಸುತ್ತು ಹಾಕುತ್ತ ಮೇಲೇರಿದರು. ಐದು ಸಾವಿರ ದಾಟಿದ ಮೇಲೆ ಅರಿಶಿನಗುಡ್ಡ ಕಾಲಡಿಗೆ ಸರಿಯಿತು.

“ಇಪ್ಪತ್ತಾರು ವರ್ಷ ಗೊತ್ತಿತ್ತು ನಿಂಗೆ” ಎಂದ ಶಶಿಧರ್. “ಮೂರು ಮಿಷನ್ ತಂದು ಹದಿನೈದು ದಿನ ತೋಟ ಸುತ್ತಿದೆನಲ್ಲ, ಆಗಾದ್ರೂ ಹೇಳಬಾರದಿತ್ತಾ?”

“ಮೂರು ಮಿಷನ್ ಹೇಳಿದ್ರೂ ನೀವು ಕೇಳಲಿಲ್ಲ. ನಾನು ಹೇಳಿದ್ರೆ ಕೇಳ್ತಿದ್ರಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಶಶಿಧರನಿಗೆ ನಾಚಿಕೆಯಾಯಿತು. ಉತ್ತರ ಅವನಿಗೆ ಗೊತ್ತಿತ್ತು. ಕೆಳಗೆ ಭದ್ರಾ ನದಿ ಬೆಳ್ಳಗೆ ಕಾಣಿಸಿತು. ಪೆಟ್ಟಿಗೆಯಲ್ಲಿ ಕುದುರೆಮುಖದವರೆಗೂ ಗೆರೆ ಎಳೆದಿತ್ತು, ಅದನ್ನು ಹಿಡಿದರೆ ಸಾಕಾಗಿತ್ತು. ಅವನು ಪೆಟ್ಟಿಗೆ ನೋಡಲಿಲ್ಲ.

“ಸೌಂದರ್ಯ, ಇಲ್ಲಿಂದ ನಿಮ್ಮನೆಗೆ ಹೆಂಗೆ ಹೋಗೋದು?” ಎಂದು ಕೇಳಿದ.

ಅವಳು ಗಾಜಿಗೆ ಹಣೆ ಹಚ್ಚಿ, “ಎಡಕ್ಕೆ ತಿರುಗಿ” ಎಂದಳು. “ಹೊಳೆ ಬಿಡಬೇಡಿ. ನಾನು ಹೇಳ್ತಾ ಬರ್ತೀನಿ.”

ಅವನು ಎಡಕ್ಕೆ ತಿರುಗಿಸಿದ.