ಮೇಲ್ಪಂಕ್ತಿ

"ಕತ್ತೆ, ಓದೋಕೆ ಬರುತ್ತಲ್ವಾ ನಿಂಗೆ? ಕೊನೇ ಸಾಲು ಓದೇ. ಗಟ್ಟಿಯಾಗಿ ಓದು."

ನಾನು ತೋರಿಸಲು ತಂದಿದ್ದ ಜೆರಾಕ್ಸನ್ನು ಕಿತ್ತುಕೊಂಡು ಆಸ್ಪತ್ರೆಯ ಸೂಪರಿಂಟೆಂಡೆಂಟ್ ನನ್ನ ಮೂಗಿಗೇ ಹಿಡಿದಿದ್ದ. ಅವನ ಹಿಂದೆ ಇಬ್ಬರು ಪೊಲೀಸರು, ಅವರ ಹಿಂದೆ ಜೆಸಿಬಿ. ನನ್ನ ಕೈಯಲ್ಲಿ ಇನ್ನೂ ಸೋಪಿನ ನೊರೆಯಿತ್ತು.

ಓದಿದೆ. "ಈ ತೀರ್ಪು ಈ ಅರ್ಜಿದಾರಳಿಗೆ ಮಾತ್ರ ಸೀಮಿತ. ಬೇರಾವ ಪ್ರಕರಣಕ್ಕೂ ಇದನ್ನು ಮೇಲ್ಪಂಕ್ತಿಯಾಗಿ ಪರಿಗಣಿಸತಕ್ಕದ್ದಲ್ಲ."

"ಈಗ ಅರ್ಥ ಆಯ್ತಾ?"

ಅರ್ಥವಾಗಿ ವಾರವಾಗಿತ್ತು. ತೋರಿಸಲು ನನ್ನ ಹತ್ತಿರ ಬೇರೆ ಕಾಗದವಿರಲಿಲ್ಲ.

ನಾವು ಆಸ್ಪತ್ರೆಯ ಬಟ್ಟೆ ಒಗೆಯುವವರು. ಹಿತ್ತಲ ಗೋಡೆಗೆ ಅಂಟಿದ ಹನ್ನೆರಡು ಮನೆ. ರಕ್ತ, ಕೀವು, ಹೇಲು ಹತ್ತಿದ ದುಪ್ಪಟಿಗಳನ್ನು ನಮ್ಮಜ್ಜಿಯ ಕಾಲದಿಂದ ಕುದಿಸಿ ಒಗೆದಿದ್ದೇವೆ. ಡಾಕ್ಟರುಗಳ ಕಾರು ನಿಲ್ಲಿಸಲು ಜಾಗ ಬೇಕೆಂದು ಹನ್ನೆರಡು ಮನೆಗೂ ಒಂದೇ ದಿನ ನೋಟಿಸು ಬಂತು. ಮೊದಲು ಕೋರ್ಟಿಗೆ ಹೋದವಳು ನನ್ನ ಅಕ್ಕ. ಗೆದ್ದಳು. ತಲೆಮಾರುಗಟ್ಟಲೆ ದುಡಿದವರನ್ನು ಬೀದಿಗೆ ತಳ್ಳಬಾರದು ಎಂದು ಜಡ್ಜರು ನಾಲ್ಕು ಪುಟ ಬರೆದಿದ್ದರು.

ಕೊನೆಯ ಸಾಲನ್ನು ನಾವೂ ಓದಿದ್ದೆವು. ಆದರೆ ಪಂಕ್ತಿ ಎಂದರೆ ನಮಗೆ ಗೊತ್ತಿದ್ದದ್ದು ಊಟದ್ದೊಂದೇ.

"ಯಾವತ್ತು ಕೂರ್ಸಿದ್ರು ನಮ್ಮನ್ನ ಮೇಲ್ಪಂಕ್ತೀಲಿ? ಹೋಗ್ಲಿ ಬಿಡ್ರೇ, ಮನೆ ಉಳೀತಲ್ಲ" ಎಂದು ಅಕ್ಕ ನಕ್ಕಿದ್ದಳು.

ಉಳಿದ ಹನ್ನೊಂದು ಮನೆಯವರೂ ಅದೇ ಕಾಗದ ಹಿಡಿದು ಕೋರ್ಟಿಗೆ ಹೋದೆವು. ಈ ಸಲದ ಜಡ್ಜರು ಬೇರೆ. ಅವರು ನಾಲ್ಕು ಪುಟ ಬಿಟ್ಟು ಕೊನೆಯ ಸಾಲನ್ನಷ್ಟೇ ಓದಿದರು.

"ಅದೇ ಕೆಲ್ಸ, ಅದೇ ನೋಟಿಸು ಅಲ್ವಾ ಸಾರ್?" ಎಂದು ಲಾಯರನ್ನು ಕೇಳಿದೆ.

"ಎಲ್ಲಾ ಅದೇ ಕಣಮ್ಮ. ಆದ್ರೆ ಅದನ್ನ ನೋಡ್ಕೊಂಡು ನಿಮಗೂ ಹಂಗೇ ಕೊಡ್ಬೇಕು ಅಂತ ಇಲ್ಲ. ತೀರ್ಪಲ್ಲೇ ಬರೆದಿದೆಯಲ್ಲ."

"ಅವಳಿಗೆ ನ್ಯಾಯ ಆಗಿದ್ದು ನಂಗೆ ಯಾಕಾಗಲ್ಲ? ಒಬ್ಬಳೇ ತಾಯಿ ಹೊಟ್ಟೇಲಿ ಹುಟ್ಟಿದೋರು ನಾವು."

ಅವನು ಫೈಲಿಗೆ ದಾರ ಕಟ್ಟುತ್ತಾ ಕೂತ.

ನನ್ನದು ಏಳನೇ ಮನೆ, ಅಕ್ಕನದು ಎಂಟು. ನಡುವೆ ಒಂದೇ ಗೋಡೆ. ಲಕ್ವ ಹೊಡೆದ ಅವ್ವ ಎರಡು ವರ್ಷದಿಂದ ನನ್ನ ಮನೆಯಲ್ಲೇ ಮಲಗಿದ್ದಳು. ಜೆಸಿಬಿ ಮೊದಲನೇ ಮನೆಯ ಸೂರಿಗೆ ಕೈಯಿಕ್ಕಿದಾಗ ಅಕ್ಕ ಓಡಿಬಂದಳು.

"ಪಾತ್ರೆ ಪಗಡ ಹಾಳಾಗ್ಲಿ, ಅವ್ವನ್ನ ಎತ್ತೇ."

ಹಗ್ಗದ ಮಂಚದ ತಲೆಯ ಕಡೆ ಅವಳು, ಕಾಲ ಕಡೆ ನಾನು. ಮಂಚ ಎಂಟನೇ ಮನೆಯ ಹೊಸ್ತಿಲನ್ನು ಅರ್ಧ ದಾಟಿತ್ತು, ಸೂಪರಿಂಟೆಂಡೆಂಟ್ ಬಾಗಿಲಿಗೆ ಕೈ ಅಡ್ಡ ಹಾಕಿದ.

"ಏಯ್, ಏಳನೇ ನಂಬರಿನ ಮುದುಕಿಗೆ ಎಂಟರಲ್ಲೇನು ಕೆಲ್ಸ? ಹಿಂಗೇ ಒಬ್ಬೊಬ್ರೇ ನುಗ್ಗಿದ್ರೆ ಎಲ್ಲಾ ಇಲ್ಲೇ ಬಿಡಾರ ಹೂಡ್ತೀರ. ಆರ್ಡರಲ್ಲಿರೋದು ಇವಳೊಬ್ಬಳ ಹೆಸರು."

"ನನ್ನ ಹೆತ್ತಿದ್ದು ಇವಳು ಕಣಯ್ಯಾ, ನಿನ್ನ ಆರ್ಡರಲ್ಲ" ಎಂದಳು ಅಕ್ಕ.

"ಬಾಯ್ಮುಚ್ಚೇ ಮುಂಡೆ. ನಿನ್ನ ಮನೆ ಉಳಿಸಿದ್ದೇ ಹೆಚ್ಚು."

ಪೊಲೀಸನೊಬ್ಬ ತಲೆ ಕೆರೆದುಕೊಂಡ. "ಸಾರ್, ಅಜ್ಜಿ ತಲೆ ಒಳಗಿದೆ, ಕಾಲು ಹೊರಗಿದೆ. ಏನ್ಮಾಡೋದು?"

ಸೂಪರಿಂಟೆಂಡೆಂಟ್ ಜೆರಾಕ್ಸ್ ಬಿಡಿಸಿ ಮತ್ತೆ ಓದತೊಡಗಿದ. ಆಚೆ ಮೂರನೇ ಮನೆಯ ಹೆಂಚುಗಳು ಉದುರುತ್ತಿದ್ದವು. ಅವ್ವನ ಬಾಯಿ ಏನೋ ಹೇಳಲು ಸೊಟ್ಟಗಾಯಿತು, ಮಾತು ಹೊರಡಲಿಲ್ಲ. ಹಗ್ಗದ ಸಂದಿಯಿಂದ ಉಚ್ಚೆ ತೊಟ್ಟಿಕ್ಕಿ ಹೊಸ್ತಿಲ ಮೇಲೆ ಹರಿಯಿತು. ಸೂಪರಿಂಟೆಂಡೆಂಟ್ ಬೂಟು ಹಿಂದಕ್ಕೆಳೆದುಕೊಂಡ.

"ಥೂ! ಇಳಿಸ್ರೇ ಮಂಚಾನ."

ಅಕ್ಕ ನನ್ನ ಮುಖ ನೋಡಿದಳು.

ನಾವು ಇಳಿಸಲಿಲ್ಲ.