ಮೂರನೆಯ ಚರಣ

ಈಗಲೂ ಕಾಲ ಮಿಂಚಿಲ್ಲ, ಹೊಡೆದುಹಾಕಿಬಿಡಲೇ? ಹನ್ನೊಂದು ಹಾಳೆ, ಒಂದೊಂದರಲ್ಲೂ ನಾಲ್ಕು ಸಾಲು. ಕರಿ ಪೆನ್ನು ಹಿಡಿದು ಕೂತರೆ ಐದು ನಿಮಿಷದ ಕೆಲಸ. ಆದರೆ ಹೊಡೆದುಹಾಕಿದರೆ ಬಳಗದವರು ಯಾಕೆ ಅಂತ ಕೇಳುತ್ತಾರೆ. ಹಾಗೇ ಬಿಟ್ಟರೆ, ಇದು ಯಾರದು ಅಂತ ಹಾಡುಗಾರರೇ ಕೇಳಬಹುದು. ಕೇಳದೆಯೂ ಇರಬಹುದು. ಇಪ್ಪತ್ತಾರು ವರ್ಷದ ಹಿಂದೆ ತಾನೇ ಹಾಡಿದ್ದನ್ನು ಯಾರು ಅಕ್ಷರ ಬಿಡದೆ ನೆನಪಿಟ್ಟುಕೊಂಡಿರುತ್ತಾರೆ?

ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಅವನು ಒಂದೊಂದು ಕುರ್ಚಿಯ ಮೇಲೂ ಒಂದೊಂದು ಹಾಳೆ ಇಡುತ್ತಿದ್ದ. ಅವನ ಕೆಲಸ ಹಲ್ಲು ಕಟ್ಟುವುದು. ಡಾಕ್ಟರು ಕಳಿಸಿದ ಅಚ್ಚು ನೋಡಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಹೊಂದಿಸಿ, ಹುಟ್ಟಿದ್ದು ಯಾವುದು ಕಟ್ಟಿದ್ದು ಯಾವುದು ಎಂದು ಹಲ್ಲಿನವನ ಹೆಂಡತಿಗೂ ಗೊತ್ತಾಗದ ಹಾಗೆ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ಸಂದು ಕಂಡರೆ ಆ ಕೈ ಸುಮ್ಮನಿರುತ್ತಿರಲಿಲ್ಲ. ಅದೇ ಈಗ ಕುತ್ತಿಗೆಗೆ ಬಂದಿತ್ತು.

ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದ ಆ ಕೋಣೆಯೇ ಭಾನುವಾರ ಮಧ್ಯಾಹ್ನ ಅಭಿಮಾನಿ ಬಳಗದ ಸಭಾಂಗಣ. ಬಳಗವೆಂದರೆ ಹತ್ತು ಜನ. ಅದೂ ಎಲ್ಲರೂ ಬಂದ ದಿನ. ಹಾಡುಗಾರರು ಜೀವಮಾನದಲ್ಲಿ ಹೊರತಂದದ್ದು ಒಂದೇ ಕ್ಯಾಸೆಟ್ಟು, ಅದೂ ಅಂಗಡಿಗಳಲ್ಲಿ ಧೂಳು ತಿಂದಿತು. ಲೋಕಕ್ಕೆ ಕಿವಿಯಿಲ್ಲ ಎಂದು ಬಳಗದವರು ವಾರವಾರವೂ ನೊಂದುಕೊಳ್ಳುತ್ತಿದ್ದರು. ಹಾಗೆ ನೊಂದುಕೊಳ್ಳುವುದರಲ್ಲಿ ಸಿಗುತ್ತಿದ್ದ ಸುಖ ಹಾಡುಗಳಲ್ಲೂ ಸಿಗುತ್ತಿತ್ತೋ ಇಲ್ಲವೋ. ಒಮ್ಮೆ ರೇಡಿಯೋದವರು ಯಾಕೋ ಅರ್ಧ ಹಾಡು ಹಾಕಿದಾಗ, ಬಳಗದ ಹಿರಿಯರಾದ ರಿಟೈರ್ಡ್ ಕಂಡಕ್ಟರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಕಂಡಕಂಡವರೆಲ್ಲ ಕೇಳುತ್ತಾರಲ್ಲ ಎಂಬುದು ಅವರ ಸಂಕಟ.

ಆ ಕ್ಯಾಸೆಟ್ಟು ಇದ್ದದ್ದು ಅವನ ಬಳಿ. ಎಲ್ಲ ಹಾಡುಗಳನ್ನೂ ಕೇಳಿ ಕೇಳಿ ಬರೆದಿಟ್ಟವನೂ ಅವನೇ. ಎದ್ದು ಹೋದವರ ಕುರ್ಚಿಯನ್ನು ಕುರಿತ ಹಾಡೊಂದಿತ್ತು. ಅದರಲ್ಲಿ ಎರಡು ಚರಣವಾದ ಮೇಲೆ ಮುಕ್ಕಾಲು ನಿಮಿಷ ಏನೂ ಇಲ್ಲ. ಆಮೇಲೆ ನೇರವಾಗಿ ಕೊನೆಯ ಚರಣ. ಅಲ್ಲಿ ಟೇಪು ಅಳಿಸಿಹೋಗಿದೆ ಎಂದು ಎಲ್ಲರೂ ಹಳಹಳಿಸಿದರು. ಅವನು ಒಂದು ವಾರ ಆ ಮುಕ್ಕಾಲು ನಿಮಿಷವನ್ನೇ ತಿರುಗಿಸಿ ತಿರುಗಿಸಿ ಕೇಳಿದ. ಮುಂದಿನ ಭಾನುವಾರ, ಹೆಡ್‌ಫೋನಿನಲ್ಲಿ ಜೋರು ಮಾಡಿದರೆ ಸಣ್ಣಗೆ ಕೇಳಿಸುತ್ತದೆ ಎಂದು ಹೇಳಿ, ನಾಲ್ಕು ಸಾಲು ಓದಿದ.

ಕುರ್ಚಿಯ ಒಂದು ಕಾಲು ಗಿಡ್ಡ,
ನೀ ಕೂತ ಕಡೆಗೇ ವಾಲಿತ್ತು;
ನೀ ಹೋಗಿ ವರುಷ, ಅದು ಹಾಗೇ ಇತ್ತು,
ನನ್ನೆದೆಯ ಹಾಗೆ ಅಳುತಿತ್ತು.

ಬಳಗದ ಟೀಚರಮ್ಮ ಅಲ್ಲೇ ಕಣ್ಣೊರೆಸಿಕೊಂಡರು. ಆ ವರ್ಷವೇ ಟೇಪ್‌ರೆಕಾರ್ಡರು ಕ್ಯಾಸೆಟ್ಟನ್ನು ನುಂಗಿ ನೀರು ಕುಡಿಯಿತು. ಅಲ್ಲಿಂದ ಮುಂದೆ ಅವನು ಬರೆದದ್ದೇ ಪಾಠ, ಮೂರನೆಯ ಚರಣವೇ ಹಾಡುಗಾರರ ಪ್ರತಿಭೆಯ ಶಿಖರ. ಅವನ ಅಕ್ಕ ಒಬ್ಬಳು ಮಾತ್ರ ಮೂಗು ಮುರಿದಿದ್ದಳು. "ಕುರ್ಚಿ ಅಳೋದಂತೆ. ಹಳೇ ಬೀರು ಮಾರಿದಾಗ ನೀನು ಅತ್ತಿದ್ಯಲ್ಲ, ಹಾಗಾ?"

ಹಾಡುಗಾರರು ಸಿಕ್ಕಿದ್ದು ತೀರ ಆಕಸ್ಮಿಕ. ಬಳಗದಲ್ಲಿದ್ದ ಔಷಧಿ ಅಂಗಡಿಯಾಕೆಯ ತೂಕದ ಯಂತ್ರ ಕೆಟ್ಟಿತು. ರಿಪೇರಿಗೆ ಬಂದ ಮುದುಕರು ಸ್ಕ್ರೂ ಬಿಚ್ಚುತ್ತ ಆ ಕುರ್ಚಿಯ ಹಾಡನ್ನೇ ಗುನುಗಿದರು. ಇಷ್ಟು ವರ್ಷ ಅವರು ಎರಡು ಬೀದಿಯಾಚೆ ತಕ್ಕಡಿ ರಿಪೇರಿ ಮಾಡಿಕೊಂಡಿದ್ದರು. ಲೋಕಕ್ಕೆ ಕಿವಿಯಿಲ್ಲ ಎಂದು ಬೈಯುತ್ತಿದ್ದ ಹತ್ತು ಜನರಿಗೂ ಅದು ಗೊತ್ತಿರಲಿಲ್ಲ.

ಬಳಗ ಕರೆದಿದ್ದ ಆ ಭಾನುವಾರ ಅವರು ಬಂದರು. ದೊಡ್ಡ ಕಿವಿಯ, ಸಣ್ಣ ದನಿಯ ಮನುಷ್ಯ. ಹತ್ತು ಜನ ಒಟ್ಟಿಗೆ ಎದ್ದು ನಿಂತದ್ದು ನೋಡಿ, ಯಾರೋ ದೊಡ್ಡವರು ಬಂದಿರಬೇಕೆಂದು ಹಿಂದಕ್ಕೆ ತಿರುಗಿ ನೋಡಿದರು. ತಂದಿದ್ದ ತಂಬೂರಿ ಮೀಟುತ್ತ ಎರಡು ಹಾಡು ಹಾಡಿದರು. ಮೂರನೆಯದು ಕುರ್ಚಿಯ ಹಾಡು. ಒಂದು ಚರಣ, ಎರಡು ಚರಣ. ಅಲ್ಲಿಗೆ ನಿಲ್ಲಿಸಿ, ತಂತಿಯ ಮೇಲೆ ಬೆರಳಿಟ್ಟು ತಲೆ ತಗ್ಗಿಸಿದರು.

ಪಾಪ, ಮರೆತರು ಎಂದುಕೊಂಡ ಕಂಡಕ್ಟರು ಮೂರನೆಯ ಚರಣದ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟರು. ಟೀಚರಮ್ಮ ಸೇರಿಕೊಂಡರು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಒಂಬತ್ತು ಜನ ಎದೆ ತುಂಬಿ ಹಾಡುತ್ತಿದ್ದರು. ಅವನೊಬ್ಬನೇ ನೀರಿನ ಲೋಟಗಳನ್ನು ಜೋಡಿಸುತ್ತಿದ್ದ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದ.

ಹಾಡುಗಾರರು ಹಾಳೆ ಎತ್ತಿಕೊಂಡು ಕನ್ನಡಕ ಏರಿಸಿ ಓದಿದರು. ಇನ್ನೊಂದು ಸಲ ಓದಿದರು.

"ಇದು ನಾನು ಬರೆದದ್ದಾ?"

"ನೀವಲ್ಲದೆ ಇನ್ಯಾರು ಸಾರ್ ಹೀಗೆ ಬರೀತಾರೆ?" ಎಂದರು ಕಂಡಕ್ಟರು.

ಹಾಡುಗಾರರು ಇಲ್ಲವೆಂದು ತಲೆಯಾಡಿಸಿದರು. ಅಲ್ಲಿ ಏನೋ ಬರಬೇಕಿತ್ತಂತೆ, ಎಷ್ಟು ತಿಣುಕಿದರೂ ಮಾತು ಸಿಗಲಿಲ್ಲವಂತೆ. ರೆಕಾರ್ಡಿಂಗ್ ದಿನವೂ ಸಿಗದೆ, ಈಗ ಬರುತ್ತೆ ಆಗ ಬರುತ್ತೆ ಎಂದು ಮುಕ್ಕಾಲು ನಿಮಿಷ ಕಾಯುತ್ತ ಕೂತರಂತೆ. ಕೇಳಿದ ಒಬ್ಬಿಬ್ಬರು ಆ ಮೌನವೇ ಅದ್ಭುತ ಅಂದಿದ್ದರಿಂದ ಹಾಗೇ ಬಿಟ್ಟರಂತೆ.

ಬಳಗದವರು ಮುಖ ಮುಖ ನೋಡಿಕೊಂಡರು. ತಪ್ಪು ಹಾಡುಗಾರರದೇ ಇರಬೇಕೆಂದು ಕಂಡಕ್ಟರು ಒಳಗೊಳಗೇ ತೀರ್ಮಾನಿಸಿದ್ದರು. "ಇಲ್ಲ ಸಾರ್, ಕ್ಯಾಸೆಟ್ಟಿನಲ್ಲಿ ಸಣ್ಣಗೆ ಕೇಳಿಸ್ತಿತ್ತು. ಬರ್ಕೊಂಡವರು ಇವರೇ, ಬೇಕಾದ್ರೆ ಕೇಳಿ."

ಎಲ್ಲರೂ ಅವನ ಕಡೆ ತಿರುಗಿದರು. ಹೇಳಿಬಿಟ್ಟರೆ ಇವರ ಕಣ್ಣಲ್ಲಿ ಕಳ್ಳ. ಆದರೆ ಹಾಡುಗಾರರೊಬ್ಬರಿಗಾದರೂ, ಇಷ್ಟು ಕೇಳಿದ್ದೇನೆ ನಿಮ್ಮನ್ನು, ನೀವು ನಿಂತ ಕಡೆ ನಾನು ಒಂದು ಹೆಜ್ಜೆ ಇಟ್ಟು ನೋಡಿದೆ ಎಂದು ಹೇಳಬೇಕೆನಿಸಿತು. ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

ಹಾಡುಗಾರರು ಅವನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಾಳೆಗೆ ಕಣ್ಣಿಳಿಸಿದರು.

"ಬಿಡಿ, ನಾನೇ ಬರೆದಿರ್ತೀನಿ. ವಯಸ್ಸಾಯ್ತು ನೋಡಿ. ಮೂರು ಸಾಲು ಚೆನ್ನಾಗಿದೆ, ನಾನು ಹುಡುಕ್ತಿದ್ದದ್ದು ಇದೇ. ನಾಲ್ಕನೇದು ಬೇಡ. ಕುರ್ಚಿ ಅಳಲ್ಲ."

ಕಂಡಕ್ಟರು ಕೆರಳಿದರು. ಶಿಖರದ ತುದಿಯನ್ನೇ ಕಡಿದರೆ ಹೇಗೆ? ಟೀಚರಮ್ಮ ಆ ಸಾಲಿನ ಮೇಲೆ ತಾವು ಶಾಲೆಯ ವಾರ್ಷಿಕ ಸಂಚಿಕೆಗೆ ಬರೆದ ಲೇಖನವನ್ನು ನೆನಪಿಸಿದರು. ಹಾಡಿದವರಿಗೇ ಹಾಡು ಹೇಗಿರಬೇಕೆಂದು ಒಂಬತ್ತು ಜನ ಕಾಲು ಗಂಟೆ ವಿವರಿಸಿದರು. ಹಾಡುಗಾರರು ತಾಳ್ಮೆಯಿಂದ ಕೇಳಿ, ಅವನಿಂದಲೇ ಪೆನ್ನು ಈಸಿಕೊಂಡು ಆ ಸಾಲನ್ನು ಅಡ್ಡಕ್ಕೆ ಹೊಡೆದರು. ಮತ್ತೆ ತಂತಿ ಮೀಟಿದರು. ಮೂರನೆಯ ಚರಣವನ್ನು ಮೂರೇ ಸಾಲಿನಲ್ಲಿ ಹಾಡಿ, ನಾಲ್ಕನೆಯದರ ಜಾಗದಲ್ಲಿ ಸುಮ್ಮನಾದರು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಹೊರಡುವಾಗ ಹಾಡುಗಾರರು ಅವನೊಬ್ಬನ ಎದುರು ನಿಂತು, ಬೇರೆ ಏನಾದರೂ ಕ್ಯಾಸೆಟ್ಟಿನಲ್ಲಿ ಸಣ್ಣಗೆ ಕೇಳಿಸಿತ್ತೇ ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. "ಕೇಳಿಸಿದ್ರೆ ಬರೆದಿಡಿ," ಎಂದು ಹೇಳಿ ಮೆಟ್ಟಿಲಿಳಿದರು.

ಅವರು ಆಮೇಲೂ ಭಾನುವಾರಗಳಲ್ಲಿ ಬಂದರು, ಹಾಡಿದರು. ನಾಲ್ಕನೆಯ ಸಾಲಿಗಾಗಿ ಕಂಡಕ್ಟರು ಪ್ರತಿ ಸಲವೂ ಜಗಳ ತೆಗೆದರು. ಆ ಚರಣ ತಾನು ಬರೆದದ್ದೆಂದು ಅವನು ಹಾಡುಗಾರರಿಗೂ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ.